ಅಲ್ಲಮನ ಊರಿನ ಸುತ್ತ ಒಂದು ಕಾಲ್ನಡಿಗೆ

ಕ್ಷೇತ್ರದರ್ಶನವೆಂದರೆ ಇಂದು ನಮ್ಮ ಮನೆಗಳಲ್ಲಿ ವಾಹನವೊಂದನ್ನು ಗೊತ್ತುಮಾಡುವುದೆಂದೇ ಅರ್ಥವಾಗಿಬಿಟ್ಟಿದೆ. ನಸುಕಿನಲ್ಲಿ ಹೊರಟು, ಒಂದೇ ದಿನದಲ್ಲಿ ನಾಲ್ಕಾರು ಸ್ಥಳಗಳನ್ನು ನೋಡಿ ಮುಗಿಸಿ, ನಡುರಾತ್ರಿಗೆ ಮನೆ ಸೇರಿದರೆ ಯಾತ್ರೆ ಸಂಪನ್ನವಾದಂತೆ. ಮರುದಿನ ಯಾರಾದರೂ ಕೇಳಿದರೆ ಯಾವ ಊರಿನಲ್ಲಿ ಊಟ ಚೆನ್ನಾಗಿತ್ತೆಂಬುದಷ್ಟೇ ನೆನಪಿರುತ್ತದೆ. ಇದನ್ನು ಆಕ್ಷೇಪಣೆಗಾಗಿ ಹೇಳುತ್ತಿಲ್ಲ; ನಾವೂ ಹಾಗೆಯೇ ಅನೇಕ ಸಲ ಹೋಗಿಬಂದವರೇ. ಆದರೆ ನಮ್ಮ ಶರಣರು ನಡೆದ ನೆಲವನ್ನು ನಡೆದೇ ನೋಡಬೇಕೆಂಬ ಹಂಬಲ ನಮ್ಮಲ್ಲಿ ಬಹುಕಾಲದಿಂದ ಇದ್ದಿತು. ಕಳೆದ ಕಾರ್ತಿಕಮಾಸದಲ್ಲಿ ಅದು ಕೈಗೂಡಿತು. ವಾಚಕ ಬಂಧುಗಳು ತಮ್ಮ ಮಕ್ಕಳು ಮರಿಗಳೊಡನೆ ಒಂದು ದಿನದಲ್ಲಿ ಸುಲಭವಾಗಿ ಮಾಡಿಮುಗಿಸಬಹುದಾದ ನಡಿಗೆ ಇದಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಶಿರಾಳಕೊಪ್ಪವೆಂಬ ಊರಿದೆ. ಅಲ್ಲಿಂದ ಬಳ್ಳಿಗಾವಿ ಎರಡು ಮೂರು ಕಿಲೋಮೀಟರು. ಬಳ್ಳಿಗಾವಿಯಿಂದ ತಾಳಗುಂದ ನಾಲ್ಕೈದು ಕಿಲೋಮೀಟರು. ತಾಳಗುಂದದಿಂದ ಮರಳಿ ಶಿರಾಳಕೊಪ್ಪಕ್ಕೂ ಸರಿಸುಮಾರು ಅಷ್ಟೇ. ಮೂರು ಊರುಗಳು ಸೇರಿ ಒಂದು ತ್ರಿಕೋನವಾಗುತ್ತದೆ. ಒಟ್ಟು ಹನ್ನೆರಡು ಕಿಲೋಮೀಟರಿನ ಆಸುಪಾಸು. ಏರುವ ಗುಡ್ಡವಿಲ್ಲ, ಇಳಿಯುವ ಕಣಿವೆಯಿಲ್ಲ. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಈ ಅರೆಮಲೆನಾಡಿನಲ್ಲಿ ನೆಲವು ಅಂಗೈಯಂತೆ ಸಮವಾಗಿ ಹರಡಿಕೊಂಡಿದೆ: ಭತ್ತದ ಗದ್ದೆ, ಗೋವಿನಜೋಳದ ಹೊಲ, ಅಲ್ಲಲ್ಲಿ ಅಡಿಕೆಯ ತೋಟ, ನಡುನಡುವೆ ಚಿಕ್ಕ ಚಿಕ್ಕ ಕಾಡಿನ ತುಣುಕುಗಳು, ಎಲ್ಲಕ್ಕೂ ಮಿಗಿಲಾಗಿ ಕೆರೆಗಳು. ಅರವತ್ತು ದಾಟಿದ ನಮ್ಮ ಮೊಣಕಾಲು ಕೂಡ ದೂರು ಹೇಳಲಿಲ್ಲವೆಂದ ಮೇಲೆ ಉಳಿದವರು ಅಂಜಬೇಕಾದುದಿಲ್ಲ.

ಈ ನಡಿಗೆಗೆ ನಿಮಿತ್ತವಾದುದನ್ನೂ ಹೇಳಬೇಕು. ನಮಗೆ ಬಲ್ಲ ಒಂದು ಸದ್ಭಕ್ತ ಕುಟುಂಬ ಹಿರೇಕೆರೂರಿನ ಕಡೆಯದು. ಆ ಮನೆಯ ಸೊಸೆ, ಮೂವತ್ತೈದರ ಪ್ರಾಯದವಳು, ಎಂಟು ತಿಂಗಳ ಹಿಂದೆ ಲಿಂಗೈಕ್ಯಳಾದಳು. ನಾಲ್ಕು ದಿನದ ಜ್ವರ, ಅಷ್ಟೇ. ಹನ್ನೊಂದು ವರ್ಷದ ಒಬ್ಬನೇ ಮಗ. ಮನೆಯ ಯಜಮಾನರು ಅಂದಿನಿಂದ ಅಂಗಡಿಯ ಬಾಗಿಲನ್ನು ತೆರೆಯುವುದು ಅಪರೂಪವಾಯಿತು, ಮಾತು ನಿಂತಿತು, ಇಷ್ಟಲಿಂಗವು ಕರಡಿಗೆಯಲ್ಲಿ ಕೊರಳಲ್ಲಿದ್ದರೂ ಪೂಜೆಗೆ ಕೂಡುವುದನ್ನೇ ಬಿಟ್ಟರು. ಅವರ ವೃದ್ಧ ತಾಯಿ ನಮ್ಮಲ್ಲಿಗೆ ಬಂದು, "ಅಯ್ಯನವರ, ಇವ ಬೈದ್ರ ಬೈಸಿಕೊಂತಾನ, ಹೇಳಿದ್ರ ಕೇಳಿಕೊಂತಾನ, ಆದ್ರ ಪೂಜಿಗೆ ಮಾತ್ರ ಕೂಡವಲ್ಲ. ನಿಮ್ಮ ಸಂಗಾಟ ಎಲ್ಲೆರ ಕರಕೊಂಡು ಹೋಗ್ರಿ" ಎಂದು ಕಣ್ಣೀರಿಟ್ಟರು. ಉಪದೇಶ ಮಾಡಿರೆಂದು ಆ ತಾಯಿ ಕೇಳಲಿಲ್ಲವೆಂಬುದು ನಮಗೆ ಆಮೇಲೆ ನೆನಪಾಯಿತು. ಕರೆದುಕೊಂಡು ಹೋಗಿರೆಂದಷ್ಟೇ ಕೇಳಿದರು. ಹೀಗೆ ನಾವು, ಆ ಯಜಮಾನರು ಮತ್ತು ಆ ಬಾಲಕ ಮೂವರು ಶಾಲೆಗೆ ರಜೆಯಿದ್ದ ಒಂದು ದಿನ ಶಿರಾಳಕೊಪ್ಪದಲ್ಲಿ ಬಸ್ಸಿನಿಂದಿಳಿದೆವು. ಅಜ್ಜಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾಚಟ್ನಿ, ಮೊಸರನ್ನದ ಬುತ್ತಿಯ ಗಂಟು ಹುಡುಗನ ಹೆಗಲಲ್ಲಿದ್ದಿತು.

ಊರು ದಾಟುತ್ತಲೇ ಇಬ್ಬನಿ. ಗದ್ದೆಗಳಲ್ಲಿ ಅರ್ಧದಷ್ಟು ಕೊಯ್ಲಾಗಿ ಹೋಗಿತ್ತು. ಉಳಿದರ್ಧ ತೆನೆಯ ಭಾರಕ್ಕೆ ತಲೆಬಾಗಿ ನಿಂತಿತ್ತು. ಡಾಂಬರು ರಸ್ತೆಯ ಒಂದು ಪಕ್ಕವನ್ನು ರೈತರು ಗೋವಿನಜೋಳವನ್ನು ಒಣಗಿಸಲು ಹಿಡಿದುಕೊಂಡಿದ್ದರು. ಹೊನ್ನಿನ ಬಣ್ಣದ ಹಾಸಿಗೆ ಫರ್ಲಾಂಗುಗಟ್ಟಲೆ. ವಾಹನದಲ್ಲಿ ಬರುವವರಿಗೆ ಇದು ಅಡ್ಡಿಯೆಂದು ತೋರುತ್ತದೆ. ನಡೆಯುವವನಿಗೆ ಅದರ ಅಂಚಿನಲ್ಲಿ ಕಾಲಿಡುವಾಗ ಅನ್ನವೆಂಬುದು ಎಷ್ಟು ದಿನ ಬಿಸಿಲಿನಲ್ಲಿ ಮಲಗಿ ನಮ್ಮ ಮನೆಗೆ ಬರುತ್ತದೆಂಬುದು ತಿಳಿಯುತ್ತದೆ. ಹುಡುಗನು ಕಾಳನ್ನು ತುಳಿಯದಂತೆ ಒಂಟಿಗಾಲಿನಲ್ಲಿ ಕುಪ್ಪಳಿಸುತ್ತ ಮುಂದೆ ಹೋದನು. ತಂದೆ ಹತ್ತು ಮಾರು ಹಿಂದೆ.

ಬಳ್ಳಿಗಾವಿ ಇಂದು ಸಾಮಾನ್ಯ ಹಳ್ಳಿ. ಶಾಸನಗಳಲ್ಲಿ ಬಳ್ಳಿಗ್ರಾಮೆ, ಬಳಿಪುರವೆಂದೂ, ದಕ್ಷಿಣ ಕೇದಾರವೆಂದೂ ಕರೆಯಿಸಿಕೊಂಡು ಬನವಾಸಿ ನಾಡಿಗೆ ಮುಕುಟಪ್ರಾಯವಾಗಿದ್ದ ಪಟ್ಟಣ ಇದೇ ಎಂದರೆ ಹೊಸಬರು ನಂಬುವುದು ಕಷ್ಟ. ಬೇಲೂರಿನ ಗುಡಿಯ ಮೂರ್ತಿಗಳನ್ನು ಕಡೆದ ದಾಸೋಜನು ತಾನು ಬಳ್ಳಿಗ್ರಾಮೆಯವನೆಂದು ಕಲ್ಲಿನಲ್ಲೇ ಬರೆದುಕೊಂಡಿದ್ದಾನೆ. ಊರಲ್ಲಿ ನಿಂತಿರುವ ಭೇರುಂಡ ಸ್ತಂಭವನ್ನು ಬನವಾಸಿಯನ್ನಾಳುತ್ತಿದ್ದ ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದನು. ಮನುಷ್ಯದೇಹಕ್ಕೆ ಎರಡು ಹಕ್ಕಿತಲೆಗಳಿರುವ ಈ ಗಂಡಭೇರುಂಡವೇ ಮುಂದೆ ಮೈಸೂರು ಅರಸರ ಲಾಂಛನವಾಗಿ, ಇಂದು ನಮ್ಮ ರಾಜ್ಯದ ಲಾಂಛನದಲ್ಲಿಯೂ ಕುಳಿತಿದೆ. ತ್ರಿಪುರಾಂತಕ ದೇಗುಲದ ಕೆಳಪಟ್ಟಿಕೆಯಲ್ಲಿ ಪಂಚತಂತ್ರದ ಕಥೆಗಳನ್ನು ಬಿಡಿಸಿದ್ದಾರೆ. ಹುಡುಗ ಅಲ್ಲಿಂದ ಅಲುಗಾಡಲಿಲ್ಲ. ಕಲ್ಲಿನ ಮೇಲೆ ಬೆರಳಿಟ್ಟು, "ಇದು ಅವ್ವ ಹೇಳ್ತಿದ್ದ ಕಥಿ" ಎಂದನು. ತಂದೆ ಬಂದು ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಅಂದು ಬೆಳಗಿನಿಂದ ಅವರಿಬ್ಬರೂ ಒಂದೇ ವಸ್ತುವನ್ನು ನೋಡಿದ್ದು ಅದೇ ಮೊದಲು.

ನಮ್ಮ ಕಾಲು ಎಳೆದುದು ಕೇದಾರೇಶ್ವರದ ಕಡೆಗೆ. ಮೂರು ಗರ್ಭಗೃಹಗಳ ಈ ತ್ರಿಕೂಟ ದೇಗುಲಕ್ಕೆ ಸೇರಿದಂತೆ ಕೋಡಿಮಠವಿದ್ದಿತು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. ಕಾಳಾಮುಖ ಶೈವಯತಿಗಳ ಮಠವದು. ಬಿಜ್ಜಳನ ಕಾಲದ 1162ರ ಶಾಸನವೊಂದು ಆ ಮಠವನ್ನು ವರ್ಣಿಸುವ ಬಗೆಯನ್ನು ಮಠದಲ್ಲಿ ಓದಿ ಬೆಳೆದ ನಮ್ಮಂಥವರು ರೋಮಾಂಚನವಿಲ್ಲದೆ ಓದಲಾರರು. ನಾಲ್ಕು ವೇದ, ಷಡಂಗ, ಪಾಣಿನೀಯ ಶಾಕಟಾಯನ ಮೊದಲಾದ ವ್ಯಾಕರಣಗಳು, ಷಡ್ದರ್ಶನ, ಯೋಗ, ಪುರಾಣ, ಕಾವ್ಯ ನಾಟಕಗಳು ಅಲ್ಲಿ ಪಾಠವಾಗುತ್ತಿದ್ದುವು. ಅಷ್ಟೇ ಆಗಿದ್ದರೆ ಅದು ವಿದ್ಯಾಪೀಠಗಳ ಪಟ್ಟಿಗೆ ಸೇರುವ ಇನ್ನೊಂದು ಹೆಸರಾಗುತ್ತಿತ್ತು. ಅದೇ ಶಾಸನವು ಮುಂದುವರಿದು, ದೀನರು, ಅನಾಥರು, ಹೆಳವರು, ಕುರುಡರು, ಕಿವುಡರು, ಹಾಡುವವರು, ಬಾರಿಸುವವರು, ಕುಣಿಯುವವರು, ನಾನಾ ದೇಶದ ಭಿಕ್ಷುಕರು ಇವರೆಲ್ಲರಿಗೆ ಅಲ್ಲಿ ತಡೆಯಿಲ್ಲದೆ ಅನ್ನ ದೊರೆಯುತ್ತಿತ್ತೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಆಶ್ರಯವೂ ಔಷಧವೂ ಇದ್ದುವೆಂದೂ ಹೇಳುತ್ತದೆ. ವ್ಯಾಕರಣದ ಪಕ್ಕದಲ್ಲಿಯೇ ಗಂಜಿಯ ಪಾತ್ರೆ. ಬಾಲ್ಯದಲ್ಲಿ ಕಂತಿಭಿಕ್ಷೆಗೆ ಬರಿಗಾಲಿನಲ್ಲಿ ಊರೂರು ತಿರುಗಿದ ನಮಗೆ ಈ ಎರಡರ ನಂಟು ಪುಸ್ತಕದಿಂದ ತಿಳಿದುದಲ್ಲ.

ಇನ್ನು ಅಲ್ಲಮಪ್ರಭುವಿನ ವಿಷಯ. ಹರಿಹರನ ಪ್ರಭುದೇವರ ರಗಳೆಯಂತೆ ಅವನು ಬಳ್ಳಿಗಾವಿಯವನು, ಮದ್ದಳೆಯ ವಾದನದಲ್ಲಿ ನಿಪುಣನು. ಹದಿನೈದನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಕಥೆಯನ್ನು ಬನವಾಸಿಗೆ ಒಯ್ದು, ಅಲ್ಲಿಯ ಮಧುಕೇಶ್ವರನ ಗುಡಿಯಲ್ಲಿ ಮಾಯಾದೇವಿಯ ಎದುರು ಮದ್ದಳೆ ನುಡಿಸುವಂತೆ ಮಾಡುತ್ತಾನೆ. ಚಾಮರಸನ ಅಲ್ಲಮನು ಎಲ್ಲಿಯೂ ಸಿಲುಕದವನು, ಮಾಯೆಗೆ ಅತೀತನು. ಹರಿಹರನ ಅಲ್ಲಮನಾದರೋ ಕಮಲತೆಯೆಂಬ ಹೆಣ್ಣನ್ನು ಒಲಿದು, ಅವಳೊಡನೆ ಬಾಳಿ, ಜ್ವರದಿಂದ ಅವಳು ಅಳಿದಾಗ ಹುಚ್ಚನಂತೆ ಅಲೆದವನು. ನಮ್ಮ ಸಮಾಜದ ಮನೆಗಳಲ್ಲಿ ಚಾಮರಸನ ಕಥೆಯೇ ಹೆಚ್ಚು ಬಳಕೆಯಲ್ಲಿದೆ. ಪುರಾಣ ಪ್ರವಚನಗಳಿಗೆ ಅದು ಒದಗುವಷ್ಟು ಹರಿಹರನದು ಒದಗುವುದಿಲ್ಲ. ನಮ್ಮ ಮಟ್ಟಿಗೆ ಕಾಲದಲ್ಲಿ ಶರಣರಿಗೆ ಹತ್ತಿರದವನಾದ ಹರಿಹರನ ಮಾತೇ ಹೆಚ್ಚು ನಂಬತಕ್ಕದ್ದು. ಆದರೂ ತಪ್ಪೊಪ್ಪಿಕೊಳ್ಳಬೇಕು: ನಲವತ್ತು ವರ್ಷಗಳ ನಮ್ಮ ಪ್ರವಚನಗಳಲ್ಲಿ ಹರಿಹರನ ಕಥೆಯನ್ನು ಹೇಳಿದಾಗಲೂ ಕಮಲತೆಯ ಮರಣವನ್ನು ಎರಡು ಮಾತಿನಲ್ಲಿ ದಾಟಿ, ಅನಿಮಿಷಯ್ಯನ ಬಳಿಗೆ ಓಡುತ್ತಿದ್ದೆವು.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇವೆ. ಗುಡಿಯ ಮದ್ದಳೆಯನ್ನು ಬಿಟ್ಟು ಹೊರಟ ಅಲ್ಲಮನನ್ನು ಹುಡುಕುತ್ತ ನಾವು ಗುಡಿಗಳಿಗೇ ಬರುತ್ತೇವೆ! ಲಿಂಗವಂತರಿಗೆ ಸ್ಥಾವರವು ಆರಾಧ್ಯವಲ್ಲವೆಂದು ಬಲ್ಲವರೂ ಅವನ ಹೆಸರಿನಲ್ಲಿ ಕಟ್ಟಡಗಳ ಮಾತನ್ನೇ ಮೊದಲು ಆಡುತ್ತಾರೆ. ಕಟ್ಟಡ ಬೇಡವೆನ್ನುವವರು ನಾವಲ್ಲ. ಆದರೆ ಅವನು ಅಲೆದ ಕಾಲುದಾರಿಯೂ ಒಂದು ಸ್ಮಾರಕವೇ.

ಬಳ್ಳಿಗಾವಿಯಿಂದ ತಾಳಗುಂದದ ಕಡೆಗೆ ಹೊರಟಾಗ ಒಂಬತ್ತೂವರೆ ಗಂಟೆಯಾಗಿದ್ದಿತು. ಸಾಧ್ಯವಾದಲ್ಲೆಲ್ಲ ರಸ್ತೆಯನ್ನು ಬಿಟ್ಟು ಹೊಲದ ಬದುವನ್ನು ಹಿಡಿದೆವು. ಬದುವಿನ ನಡಿಗೆಗೆ ಒಂದು ಶಿಸ್ತಿದೆ: ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಕಣ್ಣು ನೆಲದ ಮೇಲಿರಬೇಕು, ಏಕೆಂದರೆ ಬಿಸಿಲು ಕಾಯಲು ಹಾವುಗಳು ಬರುವುದುಂಟು, ಮಡೆಯ ಬಾಯಿಗೆ ಹಾಕಿದ ಮಣ್ಣನ್ನು ತುಳಿದು ಕೆಡಿಸಬಾರದು, ಹೊಲದಲ್ಲಿ ಯಾರಾದರೂ ಇದ್ದರೆ ಕೂಗಿ ಕೇಳಿಯೇ ಕಾಲಿಡಬೇಕು. ಕೇಳಿದವರಿಗೆ ಇಲ್ಲವೆಂದ ರೈತರನ್ನು ನಾವು ಅಂದು ಒಬ್ಬರನ್ನೂ ಕಾಣಲಿಲ್ಲ. ಒಂದೆಡೆ ಹಳೆಯ ಕಾಲುದಾರಿಗೆ ಅಡ್ಡಲಾಗಿ ಹೊಸದಾಗಿ ತಂತಿಬೇಲಿ ಎಳೆದಿತ್ತು. ಶುಂಠಿಯ ಹೊಲದಲ್ಲಿದ್ದ ಮುದುಕರೊಬ್ಬರು ತಾವೇ ಬಂದು ತಂತಿಯನ್ನು ಮೇಲೆತ್ತಿ ಹಿಡಿದು ನಮ್ಮನ್ನು ದಾಟಿಸಿದರು. "ಮೊದಲೆಲ್ಲ ಸಂತೆಗೆ ಹೋಗೋರು ಇದೇ ದಾರೀಲಿ ಹೋಗ್ತಿದ್ರು. ಈಗ ನಡಿಯೋರೇ ಇಲ್ಲ, ದನ ಮಾತ್ರ ನುಗ್ತವೆ, ಅದಕ್ಕೇ ಹಾಕ್ಸಿದ್ದು" ಎಂದರು. ದಾರಿಯನ್ನು ಮುಚ್ಚಿದ್ದು ಅವರ ಕೆಡುಕಲ್ಲ. ನಡೆಯುವುದನ್ನು ಬಿಟ್ಟವರು ನಾವು.

ಮಧ್ಯೆ ಒಂದು ಚಿಕ್ಕ ಕಾಡು ಸಿಕ್ಕಿತು. ಕಾಡೆಂದರೆ ಹೆದರುವಂಥದಲ್ಲ, ಒಂದು ಬದಿಯಲ್ಲಿ ಸಾಲಾಗಿ ನೆಟ್ಟ ಅಕೇಶಿಯಾ, ಇನ್ನೊಂದು ಬದಿಯಲ್ಲಿ ತಾನಾಗಿ ಬೆಳೆದ ಮತ್ತಿ, ಹೊನ್ನೆ, ನೇರಳೆ, ಮುತ್ತುಗಗಳು. ಎರಡರ ಭೇದವನ್ನು ಕಿವಿಯಿಂದಲೇ ತಿಳಿಯಬಹುದು. ನೆಟ್ಟ ಮರಗಳ ನಡುವೆ ಒಣಗಿದ ಎಲೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಳೆಯ ಮರಗಳ ಕೆಳಗೆ ಬಂದೊಡನೆ ಹಕ್ಕಿಗಳ ಗದ್ದಲ. ಕೆಂಬೂತವೊಂದು ಪೊದೆಯೊಳಗೆ ಗುಮ್ಮುತ್ತಿದ್ದಿತು. ನೇರಳೆಮರದ ಬುಡದಲ್ಲಿ ಬುತ್ತಿ ಬಿಚ್ಚದೆ, ನೀರನ್ನಷ್ಟೇ ಕುಡಿದು ಕುಳಿತೆವು.

ಯಜಮಾನರು ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಕೆರೆಯುತ್ತಿದ್ದರು. ಅದನ್ನು ಕಂಡು ನಮಗೆ ಮೈ ಜುಮ್ಮೆಂದಿತು. ಹರಿಹರನ ಕಥೆಯಲ್ಲಿ ಕಮಲತೆಯನ್ನು ಕಳೆದುಕೊಂಡ ಅಲ್ಲಮನು ತೋಟವೊಂದರಲ್ಲಿ ಕುಳಿತು, ಏನು ಮಾಡುತ್ತಿರುವೆನೆಂದು ಅರಿಯದೆ ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರಲು, ಮಣ್ಣಿನೊಳಗಿಂದ ಹೊನ್ನಿನ ಕಳಸವು ಕಾಣುತ್ತದೆ. ಅಗೆಯಿಸಿದರೆ ಹುಗಿದುಹೋದ ಗುಡಿ. ಒಳಹೊಕ್ಕರೆ ಅಲ್ಲಿ ಕೈಯಲ್ಲಿ ಲಿಂಗವನ್ನು ಹಿಡಿದು ಎವೆಯಿಕ್ಕದೆ ಕುಳಿತ ಅನಿಮಿಷಯ್ಯ. ಆ ಕೈಯ ಲಿಂಗವು ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಪ್ರಾಣವು ಬಯಲಾಗುತ್ತದೆ. ಇದಿಷ್ಟನ್ನೂ ನಾವು ಹೇಳಿದೆವು. ಹೇಳುವುದು ನಮ್ಮ ಅಭ್ಯಾಸ.

ಅವರು ಬಹಳ ಹೊತ್ತು ಸುಮ್ಮನಿದ್ದು, "ಅಯ್ಯನವರ, ಆಕಿ ಸತ್ತ ಮ್ಯಾಲ ಅವ ಎಷ್ಟು ದಿವಸ ತಿರುಗ್ಯಾಡಿದ?" ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಅನಿಮಿಷಯ್ಯನ ಕಣ್ಣಿನ ಬಗೆಗೆ, ಕಳಸದ ಸಂಕೇತದ ಬಗೆಗೆ, ಗುಹೇಶ್ವರನೆಂಬ ಅಂಕಿತದ ಬಗೆಗೆ ಯಾರು ಕೇಳಿದ್ದರೂ ಗಂಟೆಗಟ್ಟಲೆ ಹೇಳಬಲ್ಲೆವು. ಈ ಪ್ರಶ್ನೆಯನ್ನು ನಾವು ನಮಗೇ ಎಂದೂ ಕೇಳಿಕೊಂಡಿರಲಿಲ್ಲ. "ದಿನಗಳನ್ನು ನಾವು ಎಣಿಸಿಲ್ಲಪ್ಪ" ಎಂದೆವು. ಅವರು ತಲೆಯಾಡಿಸಿ, "ಎಂಟು ತಿಂಗಳಾತು" ಎಂದರು. ಆ ಮೇಲೆ ಮಾತು ಬಂದಿತು. ಜ್ವರದ ಮೂರನೆಯ ದಿನ ಅವಳು ಕೇಳಿದ ಎಳನೀರನ್ನು ನಾಳೆ ತರುವೆನೆಂದು ಅಂಗಡಿಗೆ ಹೋದುದನ್ನು ಹೇಳಿದರು. ಪೂಜೆಗೆ ಕುಳಿತರೆ ಕರಸ್ಥಲದಲ್ಲಿ ಲಿಂಗವು ಕಾಣದೆ ಆ ಎಳನೀರೇ ಕಾಣುತ್ತದೆಂದರು. ಹುಡುಗ ಸ್ವಲ್ಪ ದೂರದಲ್ಲಿ ಬಿದ್ದಿದ್ದ ಕೊಂಬೆಯಿಂದ ಇರುವೆಯ ಸಾಲನ್ನು ನೋಡುತ್ತಿದ್ದನು. ಕೇಳಿಸಿಕೊಳ್ಳುತ್ತಲೂ ಇದ್ದನೆಂದು ನಮಗೆ ತೋರಿತು. ನಾವು ಏನನ್ನೂ ಹೇಳದೆ ಎದ್ದೆವು.

ತಾಳಗುಂದವು ಶಾಸನಗಳಲ್ಲಿ ಸ್ಥಾನಕುಂದೂರು. ಪ್ರಣವೇಶ್ವರ ದೇಗುಲದ ಎದುರು ನಿಂತಿರುವ ಎಂಟುಮುಖದ ಕಂಬದ ಮೇಲೆ ಕದಂಬರ ಚರಿತ್ರೆಯನ್ನು ಹೇಳುವ ಪ್ರಸಿದ್ಧ ಸಂಸ್ಕೃತ ಶಾಸನವಿದೆ. ಐದನೆಯ ಶತಮಾನದಲ್ಲಿ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ್ದು. ಮಯೂರಶರ್ಮನು ವಿದ್ಯೆಗಾಗಿ ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆಸವಾರನೊಡನೆ ಜಗಳವಾಗಿ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಹುಡುಗನು ಅದನ್ನು ನಮಗೇ ಒಪ್ಪಿಸಿದನು. ಇದೇ ಪರಿಸರದಲ್ಲಿ 2013ರಲ್ಲಿ ಪುರಾತತ್ತ್ವ ಇಲಾಖೆಯವರು ಅಗೆಯುತ್ತಿದ್ದಾಗ ಸಿಂಹಕಟಾಂಜನದ ಶಾಸನವು ದೊರೆಯಿತು. ಅದು ಕ್ರಿ.ಶ. 370ರದೆಂದು, ಹಲ್ಮಿಡಿಗಿಂತಲೂ ಹಳೆಯ ಕನ್ನಡವನ್ನು ಒಳಗೊಂಡುದೆಂದು ಅವರು ನಿರ್ಣಯಿಸಿದ್ದಾರೆ.

ಆದರೆ ಕಂಬದ ಶಾಸನದ ಮೂಲ ಉದ್ದೇಶವನ್ನು ಬಹಳ ಮಂದಿ ಮರೆಯುತ್ತಾರೆ. ಅಷ್ಟು ವಂಶಕೀರ್ತನೆ, ಅಷ್ಟು ಛಂದಸ್ಸು, ಅಷ್ಟು ಅಲಂಕಾರ ಇವೆಲ್ಲ ಬರೆಯಲ್ಪಟ್ಟುದು ಕಾಕುಸ್ಥವರ್ಮನು ಶಿವಾಲಯದ ಬಳಿ ಒಂದು ಕೆರೆಯನ್ನು ಕಟ್ಟಿಸಿದುದಕ್ಕಾಗಿ. ಬೆಳಗಿನಿಂದ ನಾವು ಕಂಡ ಗದ್ದೆಗಳೆಲ್ಲ ಇಂತಹ ಕೆರೆಗಳ ಮಕ್ಕಳೇ. ಸಮವಾದ ನೆಲದಲ್ಲಿ ಮಳೆಯ ನೀರು ಓಡಿಹೋಗಲು ಇಳಿಜಾರು ಸಾಲದು, ನಿಲ್ಲಲು ತಗ್ಗು ಸಾಲದು. ಒಂದು ಏರಿ ಹಾಕಿ ತಡೆದರೆ ಮಾತ್ರ ಅದು ಸುಗ್ಗಿಯವರೆಗೆ ಜೊತೆಗಿರುತ್ತದೆ. ಹೂಳು ತುಂಬಿ ಕೆರೆ ಚಿಕ್ಕದಾದಂತೆ ಅದರ ಕೆಳಗಿನ ಗದ್ದೆಯೂ ಚಿಕ್ಕದಾಗುತ್ತದೆ. ಕೆರೆ ಕಟ್ಟಿಸಿದವನ ಹೆಸರನ್ನು ಕಲ್ಲಿನಲ್ಲಿ ಬರೆದರು. ವರ್ಷವರ್ಷವೂ ಹೂಳೆತ್ತಿದ ಕೈಗಳ ಹೆಸರು ಎಲ್ಲಿಯೂ ಇಲ್ಲ.

ಮಧ್ಯಾಹ್ನದ ಪೂಜೆಯ ಹೊತ್ತಾಗಿದ್ದಿತು. ನೀರಿನ ಬಳಿ ಕೈಕಾಲು ತೊಳೆದು, ವಿಭೂತಿ ಧರಿಸಿ, ಮರದ ನೆರಳಿನಲ್ಲಿ ನಾವು ಪೂಜೆಗೆ ಕುಳಿತೆವು. ಯಜಮಾನರನ್ನು ಕರೆಯಲಿಲ್ಲ. ಕಣ್ಣು ತೆರೆದಾಗ ಅವರು ಹುಡುಗನ ಬೊಗಸೆಗೆ ಚೊಂಬಿನಿಂದ ನೀರು ಹನಿಸುತ್ತಿದ್ದರು. ಅವನು ಮುಖ ತೊಳೆದುಕೊಂಡು ಹಣೆಯನ್ನು ಮುಂದೆ ಚಾಚಿದನು. ತಂದೆ ನಮ್ಮ ಭಸ್ಮದ ಗಟ್ಟಿಯನ್ನು ಕಣ್ಣಿನಲ್ಲೇ ಕೇಳಿ ತೆಗೆದುಕೊಂಡು ಮಗನಿಗೆ ಹಚ್ಚಿದರು. ತಮಗೆ ಹಚ್ಚಿಕೊಳ್ಳಲಿಲ್ಲ. ಬೆರಳಿನಲ್ಲಿ ಉಳಿದುದನ್ನು ಒರೆಸಿಕೊಳ್ಳಲೂ ಇಲ್ಲ. ಬುತ್ತಿ ಬಿಚ್ಚಿದಾಗ ಅಜ್ಜಿ ನಾಲ್ವರಿಗಾಗುವಷ್ಟು ಕಟ್ಟಿದ್ದುದು ಕಂಡಿತು. ಕೈತಪ್ಪಿನಿಂದಲೋ ಅಭ್ಯಾಸದಿಂದಲೋ, ಯಾರೂ ಆ ಮಾತನ್ನು ಎತ್ತಲಿಲ್ಲ. ಹೆಚ್ಚಾದ ರೊಟ್ಟಿಯನ್ನು ಅಲ್ಲಿ ದನ ಕಾಯುತ್ತಿದ್ದ ಹೆಣ್ಣುಮಗಳು ಸಂತೋಷದಿಂದ ತೆಗೆದುಕೊಂಡಳು.

ಹೋಗಬಯಸುವವರಿಗೆ ಕೆಲವು ಮಾತು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಪ್ರಶಸ್ತ ಕಾಲ. ಮಳೆಗಾಲದಲ್ಲಿ ಬದುಗಳು ಜಾರುತ್ತವೆ, ಬೇಸಿಗೆಯಲ್ಲಿ ಗದ್ದೆ ಬರಿದಾಗಿ ನೆರಳು ದೂರವಾಗುತ್ತದೆ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಬಸ್ಸುಗಳಿವೆ. ಬೆಳಗ್ಗೆ ಏಳಕ್ಕೆ ನಡಿಗೆ ಆರಂಭಿಸಿದರೆ ದೇಗುಲಗಳನ್ನು ಸಾವಕಾಶವಾಗಿ ನೋಡಿಯೂ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಕುಡಿಯುವ ನೀರು, ತಲೆಗೊಂದು ವಸ್ತ್ರ, ಹಳೆಯ ಗಟ್ಟಿ ಚಪ್ಪಲಿ ಇದ್ದರೆ ಸಾಕು. ವೃದ್ಧರು ಬಳ್ಳಿಗಾವಿಯನ್ನು ನೋಡಿ ಅಲ್ಲಿಂದಲೇ ಮರಳಬಹುದು. ಎಲೆ, ಕಾಗದ, ಪ್ಲಾಸ್ಟಿಕ್ಕನ್ನು ಹೊಲದಲ್ಲಿ ಎಸೆಯಬಾರದೆಂದು ಬೇರೆ ಹೇಳಬೇಕಾಗಿಲ್ಲವೆಂದುಕೊಳ್ಳುತ್ತೇವೆ.

ಮರಳುವ ದಾರಿಯಲ್ಲಿ ಬಿಸಿಲು ಬೆನ್ನಿಗಿಲ್ಲದೆ ಓರೆಯಾಗಿದ್ದಿತು. ಬೆಳಗ್ಗೆ ಹತ್ತು ಮಾರು ಹಿಂದಿದ್ದವರು ಈಗ ಮುಂದೆ ನಡೆಯುತ್ತಿದ್ದರು, ಹಿಂದುಳಿದವರು ನಾವು. ತಂದೆಮಕ್ಕಳು ಏನೋ ಮಾತಾಡಿಕೊಳ್ಳುತ್ತಿದ್ದರು, ನಮಗೆ ಕೇಳಿಸುತ್ತಿರಲಿಲ್ಲ. ಶಿರಾಳಕೊಪ್ಪದಲ್ಲಿ ಚಹಾ ಕುಡಿಯುವಾಗ ಅಕ್ಕಮಹಾದೇವಿಯ ಉಡುತಡಿಯ ಮಾತು ಬಂದಿತು. ಅದು ಶಿಕಾರಿಪುರದ ದಾರಿಯಲ್ಲಿ, ಇಲ್ಲಿಂದ ಬಹುದೂರವಲ್ಲ. ಇಷ್ಟು ಹತ್ತಿರದ ಎರಡು ಊರುಗಳಲ್ಲಿ ಹುಟ್ಟಿದ ಅಲ್ಲಮನೂ ಅಕ್ಕನೂ ಭೇಟಿಯಾದುದು ಮಾತ್ರ ಅಷ್ಟು ದೂರದ ಕಲ್ಯಾಣದಲ್ಲಿ ಎಂದು ನಾವು ಹೇಳಿದೆವು. ಹುಡುಗ ನಕ್ಕನು. ಯಜಮಾನರು ಲೋಟವನ್ನು ಕೆಳಗಿಟ್ಟು, "ಅಲ್ಲಿಗೆ ನಡಕೋತ ಹೋಗಾಕ ಬರತೈತೇನ್ರಿ?" ಎಂದು ಕೇಳಿದರು. ಬರುತ್ತದೆ, ಆದರೆ ದೊಡ್ಡ ರಸ್ತೆ, ವಾಹನಗಳು ಹೆಚ್ಚು, ಹೊಲದ ಕಡೆಯಿಂದ ದಾರಿ ಕೇಳಿಕೊಂಡು ಹೋಗಬೇಕೆಂದೆವು. ನಮ್ಮ ಮೊಣಕಾಲಿಗೆ ಒಂದು ವಾರ ಬಿಡುವು ಬೇಕು, ನೀವಿಬ್ಬರೇ ಹೋಗಿಬನ್ನಿರೆಂದೆವು. ಮುಂದಿನ ಭಾನುವಾರಕ್ಕೆ ಎಂಟು ದಿನವಿದೆಯೆಂದು ಹುಡುಗನು ಬೆರಳೆಣಿಸುತ್ತಿರುವಾಗಲೇ ಹಿರೇಕೆರೂರಿನ ಬಸ್ಸು ಬಂದಿತು.